ಉತ್ತರಕ್ಕೆ ಆಕಿ ಮನಿ

ಕೂಡ್ಲಿಗಿಯಲ್ಲಿ ನಾವು ಬಾಡಿಗೆಗಿದ್ದ ಮನೆಯನ್ನೇ ಕೊನೆಗೆ ಕೊಂಡೆವು. ಗುಡೇಕೋಟೆ ಕಡೆ ತವರಿನವರು ಕೊಟ್ಟಿದ್ದ ಹೊಲ ಮಾರಿದವಳು ಅಮ್ಮ, ಆದ್ದರಿಂದ ಪತ್ರ ಅವಳ ಹೆಸರಿಗೇ ಆಗಬೇಕೆಂದು ಅಪ್ಪ ಹಟ ಹಿಡಿದರು. ಅಮ್ಮನ ಉರಿ ಬೇರೆಯೇ ಇತ್ತು. ಪಕ್ಕದ ಮನೆಯಾಕೆ, ಲಾರಿ ಮೆಕ್ಯಾನಿಕ್‌ನ ಹೆಂಡತಿ, ಬಚ್ಚಲ ನೀರಿಗೆ ಜಗಳ ಬಂದಾಗಲೆಲ್ಲ "ಬಾಡಿಗಿ ಮನ್ಯಾಗ ಇರಾಕಿ, ನಿನಗ್ಯಾಕಬೇ ಇಷ್ಟು ಸೊಕ್ಕು?" ಎಂದುಬಿಡುತ್ತಿದ್ದಳು. ಅದನ್ನು ಕೇಳಿದ ದಿನ ಅಮ್ಮನಿಗೆ ಊಟ ಸೇರುತ್ತಿರಲಿಲ್ಲ. ಆ ಮಾತು ಒಮ್ಮೆ ಅಳಿಸಿ ಹೋಗಬೇಕು, ಅವಳಿಗೆ ಬೇಕಿದ್ದದ್ದು ಅಷ್ಟೇ.

ನೋಂದಣಿ ಕಚೇರಿಯ ಮುಂದೆ ಪತ್ರ ಬರೆಯುವವರು ಚಕ್ಕುಬಂದಿ ಕೇಳಿದರು, ಅಂದರೆ ಮನೆಯ ನಾಲ್ಕೂ ದಿಕ್ಕಿಗೆ ಏನಿದೆ ಅಂತ. ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಓಣಿ, ಪಶ್ಚಿಮಕ್ಕೆ ಸರ್ಕಾರಿ ಬಯಲು ಎಂದು ಅಪ್ಪ ಒಪ್ಪಿಸಿದರು. ಉತ್ತರಕ್ಕೆ ಮೆಕ್ಯಾನಿಕ್‌ನ ಹೆಸರು ಹೇಳಿದರೋ ಇಲ್ಲವೋ, ಅಮ್ಮ ಎದ್ದು ನಿಂತಳು.

"ಅವರ ಹೆಸರು ನನ್ನ ಪತ್ರದಾಗ ಬ್ಯಾಡ್ರಿ. ಉತ್ತರಕ್ಕ ಖಾಲಿ ಬಿಡ್ರಿ."

ಬರೆಯುವವರು ಪೆನ್ನು ಕೆಳಗಿಟ್ಟರು. "ಖಾಲಿ ಬಿಟ್ರ ನಿಮ್ಮನಿ ಹೊಸಪೇಟಿ ಮಟ ಹೊಕ್ಕತಿ ತಾಯಿ."

"ಹೋಗ್ಲಿ ಬಿಡ್ರಿ. ನಿಮಗೇನು ಕಷ್ಟ?"

ನಾನಾಗ ಕೊಟ್ಟೂರಿನ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು. ಸುತ್ತಲಿದ್ದವರೆಲ್ಲ ನಗತೊಡಗಿದಾಗ ಮೈಯೆಲ್ಲ ಉರಿದುಹೋಯಿತು. "ಯವ್ವಾ, ಸುಮ್ನ ಕುಂದ್ರು" ಎಂದು ಸೆರಗು ಹಿಡಿದು ಎಳೆದೆ. ಹೆಸರು ಬಿತ್ತು, ಪತ್ರ ಆಯಿತು.

ಇಷ್ಟಾದರೂ ಪಟ್ಟಣ ಪಂಚಾಯ್ತಿಯ ಪುಸ್ತಕದಲ್ಲಿ ಆ ಮನೆ ಇನ್ನೂ ಬಾಡಿಗೆ ಮನೆಯೇ ಆಗಿತ್ತು. ಮಾಲೀಕರೇ ವಾಸವಿದ್ದರೆ ಕಂದಾಯದಲ್ಲಿ ರಿಯಾಯಿತಿ ಇದೆ ಎಂದು ನಾನು ತಿಳಿದುಕೊಂಡು ಬಂದು ಹೇಳಿದೆ.

"ನನ್ನ ಮನ್ಯಾಗ ನಾ ಇರಾಕ ಸರ್ಕಾರ ಯಾಕ ಕರುಣಿ ತೋರಸ್ತತಿ?"

"ಬಾಡಿಗಿಗೆ ಕೊಟ್ರ ರೊಕ್ಕ ಬರ್ತತಿ, ನೀನ ಇದ್ರ ಏನ್ ಬರ್ತತಿ? ಅದಕ್ಕ."

"ರೊಕ್ಕ ಹಾಳಾಗ್ಲಿ. ಆ ಬಾಡಿಗಿ ಅನ್ನಾದನ್ನ ಹೊಡದು ಹಾಕ್ತಾರೇನು?"

"ಹಾಕ್ತಾರ."

"ಹಂಗಾದ್ರ ನಡಿ" ಎಂದು ಅಮ್ಮ ಆಗಲೇ ಚಪ್ಪಲಿ ಮೆಟ್ಟಿದಳು.

ಅರ್ಜಿ ಕೊಟ್ಟ ಮೇಲೆ ಬಿಲ್ ಕಲೆಕ್ಟರ್ ಮನೆ ನೋಡಲು ಬಂದರು. ಅಡುಗೆಮನೆ, ಹಾಸಿಗೆ, ಪಾತ್ರೆ ಎಲ್ಲ ನೋಡಿದರು. ಬಾಡಿಗೆಯವರಿಗೂ ಪಾತ್ರೆ ಇರುತ್ತವಲ್ಲ ಎಂದರು. ಚಕ್ಕುಬಂದಿಯಲ್ಲಿರುವವರು ಯಾರಾದರೂ ಒಂದು ಮಾತು ಹೇಳಿದರೆ ಸಾಕಂತೆ. ರಸ್ತೆ, ಓಣಿ, ಬಯಲು ಮಾತಾಡುತ್ತವೆಯೇ? ಅಮ್ಮನ ಮುಖ ಸಪ್ಪಗಾಯಿತು. ಅಪ್ಪ ನಗು ತಡೆಯಲಾರದೆ ಹಿತ್ತಲಿಗೆ ನಡೆದರು.

ಕಲೆಕ್ಟರ್ ಗೋಡೆಯಾಚೆ ಕೂಗಿ ಕರೆದರು. ಪಕ್ಕದಾಕೆ ಕೈ ಒರೆಸಿಕೊಳ್ಳುತ್ತ ಬಂದು, ಸಮಾಚಾರ ಕೇಳಿ, ಅಮ್ಮನನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದಿನ ದಿನವಷ್ಟೇ ಇಬ್ಬರೂ ಕಿತ್ತಾಡಿದ್ದರು. ಈಗ ಈಕೆ ಬಾಯಿ ತಪ್ಪಿ 'ಬಾಡಿಗಿ' ಅಂದರೂ ಮುಗಿಯಿತು.

"ಯಾರು ಇರ್ತಾರ ಅಂತ ಏನ್ ಕೇಳ್ತೀರಿ ಸಾಹೇಬ್ರ? ಈಕಿನ ಇರ್ತಾಳ. ಮುಂಜಾನಿ ಈಕಿ ಬೈಗುಳ ಕೇಳಿನ ನಾವು ಏಳಾದು. ಬಾಡಿಗಿಯವ್ರು ಇಷ್ಟು ಜೋರು ಮಾಡ್ತಾರೇನ್ರಿ? ಈಕಿನ ಮಾಲೀಕಳು. ಬರಕೊಳ್ರಿ."

ಅವರು ಬರೆದುಕೊಂಡು ಹೋದರು. ಅಮ್ಮ ಸೀದಾ ಅಡುಗೆಮನೆಗೆ ನಡೆದಳು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ ನೋಡಿದರೆ ಒಲೆಯ ಮುಂದೆ ಕೂತು ಅಳುತ್ತಿದ್ದಾಳೆ. ಕೆಲಸ ಆಯ್ತಲ್ಲ, ಇನ್ನೇನಾಯ್ತು ಎಂದೆ.

ಸೆರಗಿನಿಂದ ಮೂಗು ಒರೆಸಿಕೊಂಡು ಅಮ್ಮ ಹೇಳಿದಳು: "ಇನ್ನ ನಾ ಆಕಿ ಕೂಡ ಹೆಂಗ ಜಗಳಾಡ್ಲಿ?"