ಹರಿತವಿಲ್ಲದ ಹಾಡು

ನಮ್ಮ ರಾಕ್ ಬ್ಯಾಂಡಿನ ಗಿಟಾರಿಸ್ಟನನ್ನು ಎಲ್ಲರೂ ಗುಡುಗಣ್ಣ ಅಂತಲೇ ಕರೆಯುವುದು. ಆಳೆತ್ತರದ ಆಂಪ್ಲಿಫೈಯರಿಗೆ ಬೆನ್ನು ಕೊಟ್ಟು ನುಡಿಸುತ್ತಲೇ ತಲೆ ನರೆತ ಮನುಷ್ಯ. ಕಿವಿಗೆ ಹತ್ತಿ ಇಟ್ಟುಕೊಳ್ಳುವವರನ್ನು ಕಂಡರೆ ಅವನಿಗೆ ಆಗದು. ಡ್ರಮ್ಸ್ ಬಾರಿಸುವ ನಾನು ಇಟ್ಟುಕೊಂಡಾಗಲೆಲ್ಲ "ಪುಕ್ಕಲ" ಎಂದು ಬೈಯುತ್ತಿದ್ದ.

ಅವನ ಮಗಳು ಕಂಪ್ಯೂಟರಿನಲ್ಲಿ ಹಾಡು ಕಟ್ಟತೊಡಗಿದ ಮೇಲಂತೂ ಅವನಿಗೆ ಮೂಗಿನ ತುದಿಯಲ್ಲೇ ಕೋಪ. "ಇದೇನಮ್ಮ, ಬರೀ ದಬ್ ದಬ್! ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ. ಈಗಿನವರ ಹಾಡಲ್ಲಿ ಹರಿತವೇ ಇಲ್ಲ." ನಾನೂ ಹೂಂಗುಟ್ಟುತ್ತಿದ್ದೆ. ನನಗೂ ಆ ಹಾಡುಗಳು ಅಷ್ಟಕ್ಕಷ್ಟೇ. ಒಂದು ದಿನ ಅವನ ಮನೆಯಲ್ಲಿ ಒಲೆಯ ಮೇಲಿನ ಕೆಟಲ್ ಸಿಳ್ಳೆ ಹಾಕಿ ಹಾಕಿ ತಳ ಸುಟ್ಟುಕೊಂಡಿತು. ಪಕ್ಕದಲ್ಲೇ ಕೂತಿದ್ದ ಗುಡುಗಣ್ಣ ಏಳಲಿಲ್ಲ. ಆಮೇಲೆ ವಿಷಯ ತಿಳಿದು ಸೋಮಾರಿ ಎಂದು ನಕ್ಕೆವು.

ಮೊನ್ನೆ ಅವನ ಕಾರ್ ಶೆಡ್ಡಿನಲ್ಲಿ ಅಭ್ಯಾಸಕ್ಕೆ ಸೇರಿದ್ದೆವು. "ಹರಿತ ಅಂದರೆ ಏನು ಅಂತ ತೋರಿಸ್ತೀನಿ ಬಾ" ಎಂದು ಮಗಳನ್ನು ಎದುರಿಗೆ ಕೂರಿಸಿಕೊಂಡ. ಗಿಟಾರಿನ ವೈರು ಸಿಕ್ಕಿಸಿ ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ. ತಂತಿ ಮುಟ್ಟುವ ಮೊದಲೇ ಅದು ಕಿವಿ ಸೀಳುವ ಹಾಗೆ ಕೀರಲು ಹಿಡಿಯಿತು. ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಹತ್ತಿ ಇಟ್ಟಿದ್ದರೂ ನನ್ನ ಹಲ್ಲು ಜುಮ್ಮೆಂದವು. ಪಕ್ಕದ ಮನೆಯ ನಾಯಿ ಊಳಿಡತೊಡಗಿತು.

ಗುಡುಗಣ್ಣ ಗುಂಡಿಯನ್ನು ಇನ್ನಷ್ಟು ತಿರುಗಿಸಿದ. ಬಗ್ಗಿ, ಆಂಪ್ಲಿಫೈಯರಿಗೇ ಕಿವಿ ಆನಿಸಿದ. ಆಮೇಲೆ ತಲೆಯೆತ್ತಿ ಮಗಳನ್ನು ನೋಡಿದ.

"ಸ್ವಿಚ್ ಹಾಕಮ್ಮ. ಇದಿನ್ನೂ ಆನ್ ಆಗಿಲ್ಲ."