ಪನ್ನೀರು ಗೊಂಬೆಯ ಕದಿರಪ್ಪ

ನಮ್ಮ ಯಜಮಾನರ ಹೆಸರು ಕದಿರಪ್ಪ. ಗಂಡನ ಹೆಸರು ಹೇಳಬಾರದಂತೆ. ಅವರು ಮಾಡಿದ್ದನ್ನೆಲ್ಲ ಹೇಳಲು ಕೂತವಳಿಗೆ ಹೆಸರೊಂದು ಹೆಚ್ಚೇ? ಹೊಸೂರಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಆಲಸನತ್ತಂನ ನಮ್ಮ ಮನೆಯಲ್ಲಿ ಮಂಚದ ಕೆಳಗೆ ಮೋಟರು, ಅಕ್ಕಿ ಡಬ್ಬದ ಮೇಲೆ ವೈರು. ಕೇಳಿದರೆ, "ಸುಮ್ನಿರೇ, ಇದು ಮುದ್ದೆ ತೊಳಸೋ ಕೆಲ್ಸ ಅಲ್ಲ" ಎನ್ನುವರು. ಮುದ್ದೆಯಿಲ್ಲದೆ ಒಂದು ದಿನ ಇರಲಿ ನೋಡೋಣ!

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಬೇರಿಕೆಯ ನಮ್ಮ ತವರಿನಲ್ಲಿ ತಂಗಿ ಕನಕಮ್ಮನ ಮದುವೆ ಗೊತ್ತಾಯಿತು. ಹುಡುಗ ಒಳ್ಳೆಯವನು. ಅವನ ಸೋದರಮಾವ ಆವುಲಪ್ಪನದೇ ಭಯ. ಮರ್ಯಾದೆ ಸಾಲದೆಂದು ಹಿಂದಿನ ವರ್ಷ ಒಂದು ಮದುವೆಯನ್ನೇ ಚಪ್ಪರದಿಂದ ಎಬ್ಬಿಸಿದ್ದ ಮಹಾರಾಯ. ಆತ ಎದ್ದರೆ ಬೀಗರೆಲ್ಲ ಏಳುತ್ತಾರೆ. "ಅಕ್ಕಾ, ಅವ್ರನ್ನ ಚೆಂದಾಗಿ ನೋಡ್ಕೊಳ್ರಿ. ನಂಗೆ ಈ ಮದ್ವೇನೇ ಆಗ್ಬೇಕು" ಎಂದು ಕನಕ ಅತ್ತುಬಿಟ್ಟಳು.

ಅದನ್ನು ಕೇಳಿ ನಮ್ಮವರಿಗೆ ಹುಚ್ಚು ಕೆದರಿತು. "ಬಾಗ್ಲಲ್ಲಿ ಗೊಂಬೆ ನಿಲ್ಸಿ ಪನ್ನೀರು ಹಾಕಿಸ್ತೀನಿ. ಅಂಥಾ ಮರ್ವಾದೆ ಯಾರ್ ಮಾಡವ್ರೆ?"

ಗುಜರಿಯಿಂದ ಲಾರಿಯ ವೈಪರ್ ಮೋಟರು ತಂದು ಮರದ ಕೈಯೊಂದನ್ನು ಕಟ್ಟಿದರು. ಮೊದಲ ದಿನವೇ ಆ ಕೈ ಸುತ್ತು ಹೊಡೆದು ಹಾಲಿನ ಪಾತ್ರೆ ಉರುಳಿಸಿತು.

"ಮೋಟ್ರಿಗೆ ತಿರುಗೋದು ಗೊತ್ತು ಕಣೇ, ಎಲ್ಲಿ ನಿಲ್ಬೇಕು ಅನ್ನೋದು ಗೊತ್ತಿಲ್ಲ."

"ಥೇಟ್ ನಿಮ್ಮಂಗೇ" ಎಂದೆ.

ಆಮೇಲೆ ರೇಡಿಯೋದಲ್ಲಿ ಸದ್ದು ಏರಿಸುವ ತಿರುಪನ್ನು ಕಿತ್ತು ಗೊಂಬೆಯ ಭುಜಕ್ಕೆ ಕೂಡಿಸಿದರು. ಕೈ ಎಷ್ಟು ಎದ್ದಿದೆ ಎಂದು ತಿರುಪು ಹೇಳುತ್ತದೆ, ಅದನ್ನು ಕೇಳಿ ಮೋಟರು ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ. ಆ ಕೈಗೆ ಪನ್ನೀರುದಾನಿ ಹಿಡಿಸಿದರು; ಎದುರಿನ ಹಲಗೆ ತುಳಿದರೆ ಒಂದು ಸಲ ಪನ್ನೀರು. ಕೊನೆಗೆ ಗೊಂಬೆಗೆ ಉಡಿಸಿದ್ದು ನನ್ನ ಹೊಸ ಸೀರೆ! ನನಗೆ ಮೈಯೆಲ್ಲ ಉರಿಯಿತು. ಆದರೆ ಅದು ಠೀವಿಯಿಂದ ಕೈಯೆತ್ತಿ ನನ್ನ ಮುಖಕ್ಕೇ ಚಿಮುಕಿಸಿದಾಗ ನಗು ತಡೆಯಲಾಗಲಿಲ್ಲ.

ಮದುವೆಯ ಬೆಳಿಗ್ಗೆ ಗೊಂಬೆಯನ್ನು ಬಾಗಿಲಲ್ಲಿ ನಿಲ್ಲಿಸಿದೆವು. ಹೊಸ ಯಂತ್ರಕ್ಕೆ ಪೂಜೆ ಮಾಡದೆ ಬಿಡುವುದುಂಟೇ? ನಮ್ಮಮ್ಮ ನರಸಮ್ಮ ಅರಿಶಿಣ ಕಲಸಿ ತಂದು ಅದರ ಹಣೆಗೆ, ಕೆನ್ನೆಗೆ, ಸಾಲದೆಂದು ಭುಜದ ತಿರುಪಿಗೂ ಧಾರಾಳವಾಗಿ ಬಳಿದಳು. ನಮ್ಮವರು ಆಗ ಬ್ಯಾಟರಿ ತರಲು ಹೋಗಿದ್ದರು.

ಅವರು ಬಂದು ಅವಸರದಲ್ಲಿ ಬ್ಯಾಟರಿ ಕೂಡಿಸುವಷ್ಟರಲ್ಲಿ ಬೀಗರ ವ್ಯಾನು ಬಂತು. ಮೊದಲು ಇಳಿದವರಿಗೆ ಗೊಂಬೆ ಅಚ್ಚುಕಟ್ಟಾಗಿ ಒಂದೊಂದು ಸಲ ಚಿಮುಕಿಸಿತು. ಅಷ್ಟರಲ್ಲಿ ಅರಿಶಿಣದ ನೀರು ತಿರುಪಿನೊಳಗೆ ಇಳಿದಿತ್ತು. ಆವುಲಪ್ಪ ಹಲಗೆ ತುಳಿದ. ಕೈ ಎದ್ದಿತು, ಇಳಿಯಿತು, ಮತ್ತೆ ಎದ್ದಿತು, ನಿಲ್ಲಲೇ ಇಲ್ಲ! ಆತನ ಪೇಟ, ಕನ್ನಡಕ, ರೇಷ್ಮೆ ಅಂಗಿ ಎಲ್ಲ ತೊಯ್ದು ತೊಪ್ಪೆ.

"ತಿರುಪು ಸುಳ್ ಹೇಳ್ತಾ ಐತೆ ಕಣೇ!" ಎಂದು ನಮ್ಮವರು ವೈರು ಕಿತ್ತರು. ಪನ್ನೀರುದಾನಿ ಆಗಲೇ ಖಾಲಿ. ವಾಲಗದವನು ಊದುವುದನ್ನು ನಿಲ್ಲಿಸಿದ. ಬಾಗಿಲ ಸಂದಿಯಲ್ಲಿ ಕನಕನ ಮುಖ ಬಿಳಿಚಿಕೊಂಡಿತ್ತು. ಅಯ್ಯೋ ದೇವರೇ, ಮುಗಿಯಿತು ಎಂದುಕೊಂಡೆ.

ಆವುಲಪ್ಪ ಕನ್ನಡಕ ಒರೆಸಿಕೊಂಡು ಸುತ್ತ ನೋಡಿದ. "ಎಲ್ರಿಗೂ ಒಂದೊಂದ್ ಕಿತ. ನಂಗ್ ಮಾತ್ರ ದಾನಿ ಪೂರಾ! ನೋಡ್ರಪ್ಪಾ, ಸೋದರಮಾವ ಯಾರು ಅಂತ ಗೊಂಬೆಗೂ ಗೊತ್ತೈತೆ!" ಎಂದು ಎದೆಯುಬ್ಬಿಸಿ ಒಳಗೆ ಹೋದ.

ನಾನು ಉಸಿರು ಬಿಡುವ ಮೊದಲೇ ಹಿಂದೆ ನಿಂತಿದ್ದ ಹುಡುಗನ ಅಪ್ಪ ವೆಂಕಟಸ್ವಾಮಿ ಕಾಲು ಊರಿದ. "ನಂಗೂ ದಾನಿ ಪೂರಾ ಆಗ್ಬೇಕು. ಗಂಡಿನ ತಂದೆ ಕಣ್ರೀ ನಾನು, ಏನ್ ಕಮ್ಮಿನಾ?" ಅವನ ಹಿಂದಿದ್ದವರೂ ತಲೆಯಾಡಿಸಿದರು. ಕಿತ್ತ ವೈರನ್ನು ಮತ್ತೆ ಸಿಕ್ಕಿಸಿದರೆ ಮೋಟರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಮ್ಮವರು ದಾನಿ ತುಂಬಿಸಿ, ಗೊಂಬೆಯ ಸೆರಗಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಮರದ ಕೈಯನ್ನು ತಾವೇ ಎತ್ತತೊಡಗಿದರು.

ಒಳಗೆ ಕನಕನಿಗೆ ತಾಳಿ ಬಿತ್ತು. ನನಗೆ ಅಳು ಬಂತು, ಓಡಿಬಂದು ಇವರಿಗೆ ಹೇಳಿದೆ. ಬೆವರಿಳಿಯುತ್ತಿದ್ದ ಮುಖ ಸೆರಗಿನಾಚೆ ಇಣುಕಿತು.

"ಸದ್ಯ! ತೋಳ್ ಬಿದ್ದೋಯ್ತು ಕಣೇ. ಇನ್ನ ನಿಲ್ಲಿಸ್ಲಾ?"

"ಇನ್ನೊಂದ್ ವ್ಯಾನ್ ಬಂತು ಕಣ್ರೀ" ಎಂದು ದಾನಿ ತುಂಬಿಸಿಕೊಟ್ಟೆ.