ಎದ್ದೇಳಗೊಡದ ಆಟ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರೇ ಕರೆಂಟಿನ ಸಾಮಾನು ಕೊಳ್ಳುವುದಿದ್ದರೂ ಸಾವಂತ್ರೆವ್ವನನ್ನು ಕರೆದುಕೊಂಡು ಹೋಗುತ್ತಿದ್ದರು. ಆಕೆ ಕಾಯಿಪಲ್ಯ ಮಾರುವವಳು. ಅವಳ ಸ್ವಂತ ಮನೆಯಲ್ಲಿ ಎರಡು ಬಲ್ಬು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಅಗ್ಗದ ಸಾಮಾನುಗಳಲ್ಲಿ ಯಾವುದು ಬಾಳಿಕೆ ಬರುತ್ತದೆಂದು ಅವಳು ಹೇಳಿದ್ದು ಸುಳ್ಳಾದದ್ದನ್ನು ನಾನಂತೂ ಕೇಳಿರಲಿಲ್ಲ. ಅವಳು ಸಾಮಾನು ಮುಟ್ಟುತ್ತಲೇ ಇರಲಿಲ್ಲ. ಎಲ್ಲವನ್ನೂ ಅಂಗಡಿಯವನ ಕೈಯಿಂದಲೇ ಮಾಡಿಸುವಳು. ಇಸ್ತ್ರಿ ಪೆಟ್ಟಿಗೆಯಾದರೆ ಅವನ ಅಂಗಿಯನ್ನೇ ಬಿಚ್ಚಿಸಿ ಇಸ್ತ್ರಿ ಮಾಡಿಸುವಳು. ರೇಡಿಯೋ ಆದರೆ ಅವನು ಅದನ್ನು ರಸ್ತೆಗೆ ತಂದು, ಗಡಗಡ ಅನ್ನುವ ಆಟೋದ ಪಕ್ಕ ನಿಂತು ಹಾಡು ಕೇಳಿಸಬೇಕು. ಬನಿಯನ್ನಿನಲ್ಲಿ ಬೆವರುವ ಅಂಗಡಿಯವರನ್ನು ನೋಡಲೆಂದೇ ಕೆಲವರು ಜೊತೆಗೆ ಹೋಗುತ್ತಿದ್ದರು.

೧೯೯೯ರ ದೀಪಾವಳಿ ಮುಗಿದ ವಾರ ಪಕ್ಕದ ಮನೆಯ ಹಮಾಲ ಹನಮೇಶಣ್ಣ ಅಮರಗೋಳದ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿ ಚೀಲದ ಸಮೇತ ಲಾರಿಯಿಂದ ಬಿದ್ದ. ಬಲಗಾಲು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರದೊಳಗೆ ಕಾಲು ಅಲುಗಿಸಿದರೆ ಎಲುಬು ಸೊಟ್ಟ ಕೂಡುತ್ತದೆ, ಮತ್ತೆ ಚೀಲ ಹೊರಲಾಗುವುದಿಲ್ಲ ಅಂದರು. ಹನಮೇಶಣ್ಣ ಆರು ನಿಮಿಷ ಒಂದೆಡೆ ಕೂರುವ ಆಸಾಮಿಯಲ್ಲ. ಮೂರನೇ ದಿನವೇ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದ. ಅವನ ಹೆಂಡತಿ ಭುವನೇಶ್ವರಿ, ನಮಗೆಲ್ಲ ಭುವನಕ್ಕ, ಸಾವಂತ್ರೆವ್ವನ ಬುಟ್ಟಿಯ ಮುಂದೆ ಅಳುತ್ತ ಕುಳಿತಳು.

“ದೊಡ್ಡವ್ವಾ, ಟೀವಿಗೆ ಹಚ್ಚಿ ಆಡೂ ಆಟ ಬಂದಾವಂತ. ಅದನ್ನರ ತಂದ್ರ ಸುಮ್ನ ಕುಂದರ್ತಾರೇನು?”

“ಅಳಬ್ಯಾಡ. ಎದ್ದೇಳಾಕ ಬಿಡದಂಥಾದ್ದನ್ನ ಹುಡುಕೂಣು.”

ದುರ್ಗದಬೈಲಿನ ಹಿಂದಿನ ಅಂಗಡಿಯಲ್ಲಿ ಯಜ್ಞೇಶ್ವರ ಎಂಬವನು ನಾಲ್ಕು ಪೆಟ್ಟಿಗೆ ತೆಗೆದಿಟ್ಟ. ಪೆಟ್ಟಿಗೆಯ ಮೇಲಿನದನ್ನು ಓದಿ ಹೇಳಲು ಸಾವಂತ್ರೆವ್ವ, ಭುವನಕ್ಕನ ಜೊತೆ ನಾನೂ ಹೋಗಿದ್ದೆ.

“ಒಂದೊಂದರಾಗೂ ಒಂಬತ್ತು ಸಾವಿರದ ಒಂಬೈನೂರಾ ತೊಂಬತ್ತೊಂಬತ್ತು ಆಟ ಅದಾವ್ರಿ ಆಯಿ.”

“ಇನ್ನೊಂದು ಎಲ್ಲಿ ಹೋತು? ನಾ ಮೆಣಸಿನಕಾಯಿ ತೂಗಿದ ಮ್ಯಾಲೆ ನಾಕು ಕೊಸರು ಹಾಕ್ತೇನಿ. ನೀ ಹತ್ತು ಸಾವಿರಕ್ಕ ಒಂದು ಕಡಿಮಿ ಕೊಡ್ತೀ?”

“ಕಂಪನಿಯವ್ರು ಹಂಗ ಮಾಡ್ಯಾರ್ರಿ.”

“ಇರ್ಲಿ. ನೀ ಆಡು ತಮ್ಮಾ, ನಾವು ನೋಡ್ತೇವಿ.”

ಮೊದಲನೆಯದನ್ನು ಅವನು ಒಂದೇ ನಿಮಿಷದಲ್ಲಿ ಕೆಳಗಿಟ್ಟ. ಎರಡನೆಯದರ ಗುಂಡಿ ಒಳಗೇ ಕಚ್ಚಿಕೊಂಡಿತು. ಮೂರನೆಯದನ್ನು ಆಡುವಾಗ ಫೋನ್ ಬಂತು, ಎದ್ದುಹೋದ. ನಾಲ್ಕನೆಯದು ಶುರುವಾದ ಮೇಲೆ ಒಬ್ಬರು ಬಲ್ಬು ಬೇಕೆಂದು ಮೂರು ಸಲ ಕೂಗಿದರು. “ಅಲ್ಲೇ ಅದಾವ, ತಗೊಳ್ರಿ!” ಅಂದ ಯಜ್ಞೇಶ್ವರ ತಿರುಗಿಯೂ ನೋಡಲಿಲ್ಲ. ಸ್ಟೂಲಿನ ಮೇಲೆಯೇ ಕುಪ್ಪಳಿಸುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ಇದನ್ನ ಕಟ್ಟು,” ಅಂದಳು ಸಾವಂತ್ರೆವ್ವ.

“ತಡೀರಿ ಆಯಿ, ಇನ್ನೊಂದು ಜೀವ ಉಳದೈತಿ!”

ಹನಮೇಶಣ್ಣ ನಿಜವಾಗಿಯೂ ಕುಳಿತ. ಕಾಲು ಗಂಟೆ. ಆಮೇಲೆ ಪರದೆಯ ಮೇಲಿನ ಪುಟ್ಟ ಮನುಷ್ಯನ ಮುಂದೆ ಒಂದು ತಗ್ಗು ಬಂತು. ಅವನು ಹಾರಿದ, ಜೊತೆಗೆ ಹನಮೇಶಣ್ಣನೂ ಹಾರಿದ. ಪ್ಲಾಸ್ಟರ್ ಕಾಲು ಮೇಲೆದ್ದು ಮಂಚದ ಪಟ್ಟಿಗೆ ಧಡ್ ಎಂದು ಬಡಿಯಿತು.

“ಹಾರಬ್ಯಾಡ್ರೀ!” ಎಂದು ಭುವನಕ್ಕ ಚೀರಿದಳು.

“ನಾ ಎಲ್ಲಿ ಹಾರೇನಿ? ಅಂವ ಹಾರ್ಯಾನ!”

ಇನ್ನೊಂದು ತಗ್ಗು, ಇನ್ನೊಂದು ಧಡ್. ಭುವನಕ್ಕ ತಂತಿ ಕಿತ್ತಳು. ಸಾವಂತ್ರೆವ್ವನ ಮುಖ ಸಣ್ಣದಾಯಿತು. “ಅಂಗಡ್ಯಾಂವ ಕುಪ್ಪಳಿಸೂದು ಕಣ್ಣಾರೆ ನೋಡೇನಿ. ನಕ್ಕೊಂತ ಕುಂತೆ, ತಿಳೀಲಿಲ್ಲ ನೋಡು.”

ಮರುದಿನ ಅವಳು ಕಾಯಿಪಲ್ಯದ ಬುಟ್ಟಿ ಹೊರಲೇ ಇಲ್ಲ. ಒಂದನೇ ನಂಬರಿನಿಂದ ಪ್ರತಿ ಆಟವನ್ನೂ ಭುವನಕ್ಕನಿಂದ ಆಡಿಸಿ, ತಾನು ಟೀವಿ ನೋಡದೆ ಭುವನಕ್ಕನ ಕಾಲನ್ನೇ ನೋಡಿದಳು. “ಹಾರಿದ್ಲು, ಬರಕೋ” ಅಂದಾಗ ನಾನು ಬರೆದುಕೊಳ್ಳುತ್ತಿದ್ದೆ. ನಲವತ್ಮೂರನೆಯದು ನೋಡಿದರೆ ಮತ್ತೆ ಮೊದಲನೆಯದೇ, ಪುಟ್ಟ ಮನುಷ್ಯನ ಚಡ್ಡಿಯ ಬಣ್ಣ ಮಾತ್ರ ಬೇರೆ. “ಚೊಣ್ಣ ಬದಲಿ ಮಾಡ್ಯಾನ, ಮಾರಿ ಅದ ಐತಿ!” ಎಂದು ಭುವನಕ್ಕ ಅಷ್ಟು ದಿನಗಳಲ್ಲಿ ಮೊದಲ ಸಲ ಮನೆಯಲ್ಲಿ ನಕ್ಕಳು. ತಪ್ಪಾಗಬಾರದೆಂದು ನಾನು ಮುನ್ನೂರರವರೆಗೆ ನೋಡಿದೆ, ಕೊನೆಯ ನಂಬರನ್ನೂ ನೋಡಿದೆ. ಇದ್ದದ್ದು ನಲವತ್ತೆರಡೇ ಆಟ. ಇಪ್ಪತ್ತೇಳರಲ್ಲಿ ಹಾರಬೇಕು. ಒಂಬತ್ತರಲ್ಲಿ ಗಾಡಿ ತಿರುಗಿದತ್ತ ಮೈಯೂ ವಾಲುತ್ತದೆ. ಉಳಿದ ಆರರಲ್ಲಿ ಐದು ಹನಮೇಶಣ್ಣನಿಗೆ ಬೇಸರ ತಂದವು. ಕೊನೆಯದರಲ್ಲಿ ಮೇಲಿನಿಂದ ಇಟ್ಟಿಗೆ ಬೀಳುತ್ತಿದ್ದವು, ಸಂದಿಲ್ಲದಂತೆ ಜೋಡಿಸಬೇಕು.

“ಏ ಭುವನಿ, ಹಿಂಗ ಒಗದ್ರ ಥಪ್ಪಿ ನಿಂದರ್ತದೇನು? ಕೊಡಿಲ್ಲಿ!”

ಚೀಲಗಳನ್ನು ಒಂದರ ಮೇಲೊಂದು ಒಟ್ಟಿ ಥಪ್ಪಿ ಹಚ್ಚುವುದರಲ್ಲಿ ಹದಿನೆಂಟು ವರ್ಷ ಕಳೆದವನು ಹನಮೇಶಣ್ಣ. ಕೈಬೆರಳು ಮಾತ್ರ ಆಡುತ್ತಿದ್ದವು, ಕಾಲು ಕಲ್ಲಿನಂತಿತ್ತು. ಎರಡನೇ ವಾರಕ್ಕೆ ಮಾರುಕಟ್ಟೆಯ ಹಮಾಲರೆಲ್ಲ ಸಂಜೆ ಅಲ್ಲೇ ಸೇರತೊಡಗಿದರು. “ಅಡ್ಡ ಹಾಕೋ, ಅಡ್ಡ!” “ನಿಮ್ಮಪ್ಪ ಹಾಕಿದ್ದನ ಅಡ್ಡ?” ಎಂಬ ಗದ್ದಲ ಓಣಿಯ ತುದಿಗೂ ಕೇಳುತ್ತಿತ್ತು.

ಆರು ವಾರ ತುಂಬಿದ ದಿನ ನಾವೆಲ್ಲ ಆಸ್ಪತ್ರೆಗೆ ಹೋದೆವು. ಡಾಕ್ಟರು ಪ್ಲಾಸ್ಟರ್ ಕತ್ತರಿಸಿ, ಒತ್ತಿ ನೋಡಿ, “ನೆಟ್ಟಗ ಕೂಡೇದ. ಏಳಪ್ಪಾ,” ಅಂದರು. ಹನಮೇಶಣ್ಣ ಏಳಲಿಲ್ಲ. ಮತ್ತೆ ಮುರಿದೀತೆಂಬಂತೆ ಬಿಳುಚಿಕೊಂಡ ಕಾಲನ್ನು ನೋಡುತ್ತ, ಬೆಂಚು ಗಟ್ಟಿಯಾಗಿ ಹಿಡಿದುಕೊಂಡು ಕುಳಿತ.

ಭುವನಕ್ಕ ಎದುರು ಬಂದು ಎರಡೂ ಕೈ ಚಾಚಿದಳು. “ಏಳ್ರೀ. ಇಷ್ಟ ದಿನ ಏಳಬ್ಯಾಡ್ರಿ ಅಂದಾಕಿ ಈಗ ನಾನ ಹೇಳಾಕತ್ತೇನಿ.”

ಅವನು ಎದ್ದ. ಒಂದು ಹೆಜ್ಜೆ, ಇನ್ನೊಂದು. ಅವಳು ನಗುತ್ತ ಹಿಂದೆ ಸರಿದಳು, ಅವನು ಮುಂದೆ ಬಂದ. ನಾನು ಹದಿನಾಲ್ಕರವರೆಗೆ ಎಣಿಸಿದೆ. ಅಷ್ಟರಲ್ಲಿ ಇಬ್ಬರೂ ಆಸ್ಪತ್ರೆಯ ಬಾಗಿಲು ದಾಟಿ ಹೋಗಿಬಿಟ್ಟಿದ್ದರು.